ಮಸುಕು ಸ್ಕ್ರೀನ್‌ಗೆ ಕಣ್ಣು ಅಡ್ಜಸ್ಟ್ ಮಾಡ್ಕೋಬೇಡಿ

(ಭಾಗ 1/10)

ಫ್ರೆಂಡ್ಸ್, ಮೇಲಿನ ಫೋಟೋದಲ್ಲಿರೋ ಮೊತ್ತವನ್ನ ಒಂದು ಸಲ ಓದಿ ನೋಡಿ. 1,330ನಾ, 1,830ನಾ? ಜೂಮ್ ಮಾಡ್ಬೇಡಿ. ನಮ್ಮಪ್ಪ ಓದುವಾಗ ಜೂಮ್ ಮಾಡೋಕೆ ಟೈಮ್ ಇರ್ಲಿಲ್ಲ, ಎದುರಿಗೆ ಗಿರಾಕಿ ನಿಂತಿದ್ರು.

ನಮ್ದು ದಾವಣಗೆರೆಯಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ. ಉದ್ರಿ ಲೆಕ್ಕ ಎಲ್ಲ ಮೊದಲು ಉದ್ದನೆ ಪುಸ್ತಕದಲ್ಲಿ ಇರ್ತಿತ್ತು. ಬಿಕಾಂ ಸೇರಿದ ಹುಮ್ಮಸ್ಸಿನಲ್ಲಿ ನಾನೇ ಅದನ್ನೆಲ್ಲ ಕಂಪ್ಯೂಟರ್‌ಗೆ ಹಾಕಿದೆ. ಕಂಪ್ಯೂಟರ್ ಅಂದ್ರೆ ದೊಡ್ಡದೇನಲ್ಲ, ರಾಸ್ಬೆರಿ ಪೈ 4. ಎಟಿಎಂ ಕಾರ್ಡ್ ಅಷ್ಟಗಲದ ಒಂದೇ ಒಂದು ಬೋರ್ಡ್. ಸೋದರಮಾವನ ಮಗ ಡಿಪ್ಲೊಮಾ ಪ್ರಾಜೆಕ್ಟ್‌ಗೆ ಅಂತ ತಗೊಂಡಿದ್ದ. ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗುವಾಗ "ಇಟ್ಕೋ, ಉಪಯೋಗಕ್ಕೆ ಬರುತ್ತೆ" ಅಂತ ಕೊಟ್ಟು ಹೋದ. ಮಾನಿಟರ್ ಕೂಡ ಹಳೇದೇ. ಒಂದು ಬ್ರೌಸಿಂಗ್ ಸೆಂಟರ್ ಮುಚ್ಚುವಾಗ ಅಪ್ಪ 600 ರೂಪಾಯಿಗೆ ತಂದಿದ್ದು, 17 ಇಂಚಿಂದು, ಹೆಚ್ಚುಕಮ್ಮಿ ಚೌಕ.

ಮೊದಲ ದಿನದಿಂದಲೂ ಅಕ್ಷರ ಮಸುಕಾಗಿಯೇ ಇತ್ತು. "ಕಾಣ್ತದಲ್ಲ, ಸಾಕು ಬಿಡು" ಅಂದ್ಕೊಂಡು ಎರಡು ವರ್ಷ ಓಡಿಸಿದ್ವಿ.

ಹೋದ ತಿಂಗಳು ಪಕ್ಕದ ಓಣಿಯ ಅಜ್ಜಿ ಉದ್ರಿ ಕಟ್ಟೋಕೆ ಬಂದ್ರು. ಅಪ್ಪ ಸ್ಕ್ರೀನ್ ನೋಡಿ "1,830 ಆಗೈತಿ ನೋಡಮ್ಮಾ" ಅಂದ್ರು. ಅಜ್ಜಿ "ಅಷ್ಟೊಂದು ಎಲ್ಲಿ ತಗಂಡೀನಪ್ಪಾ ನಾನು? ಪುಸ್ತಕ ಇದ್ದಾಗ ಹಿಂಗೆ ಆಗ್ತಿರ್ಲಿಲ್ಲ" ಅಂದ್ರು. ನಾಲ್ಕು ಜನರ ಮುಂದೆ ಮಾತಿಗೆ ಮಾತು ಬೆಳೀತು. ಕೊನೆಗೆ ಅಜ್ಜಿ ಸೆರಗಿನ ಗಂಟು ಬಿಚ್ಚಿ ಅಷ್ಟೂ ದುಡ್ಡು ಎಣಿಸಿ ಇಟ್ಟು, "ನಿಮ್ಮ ಋಣ ನಂಗೆ ಬ್ಯಾಡ" ಅಂತ ಹೊರಟುಹೋದ್ರು.

ರಾತ್ರಿ ನಾನು ಆ ಸಾಲಿನ ಮೇಲೆ ಕ್ಲಿಕ್ ಮಾಡಿ ನೋಡಿದೆ. 1,330.

(ಭಾಗ 2/10)

ನನ್ನ ಶೀಟ್ ತಪ್ಪಿರ್ಲಿಲ್ಲ. ಅಪ್ಪನ ಕಣ್ಣಿಗೂ ಅಂಥ ದೋಷ ಇಲ್ಲ, ಚಷ್ಮಾ ಹಾಕ್ಕೊಂಡೇ ಕೂತಿದ್ರು. ತಪ್ಪಿದ್ದು ಇವೆರಡರ ನಡುವೆ ಇದ್ದ ಸ್ಕ್ರೀನ್. 500 ರೂಪಾಯಿ, ಜೊತೆಗೆ ಇಷ್ಟು ವರ್ಷ ಗಳಿಸಿದ್ದ ಒಬ್ಬ ಗಿರಾಕಿಯ ನಂಬಿಕೆ.

ಮರುದಿನ ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿದ್ದ ಅಣ್ಣ ಫೋಟೋ ನೋಡಿ ಒಂದೇ ಮಾತಲ್ಲಿ ಮುಗಿಸಿಬಿಟ್ರು: "ಇದು ಹಳೇ ಮಾನಿಟರ್ ಕಣಮ್ಮಾ, ಇದಕ್ಕೆ ಸೆಟ್ ಆಗಲ್ಲ. ಹೊಸದು ತಗೋ. ಆರೂವರೆ ಸಾವಿರಕ್ಕೆ ಒಳ್ಳೇದೇ ಬರುತ್ತೆ."

ಮನೆಗೆ ಬಂದೆ. ಅಮ್ಮ ಇನ್ನೊಂದು ಮಾತು ಹೇಳಿದ್ರು: "ಈಗ ಆರು ಸಾವಿರ ಎಲ್ಲಿಂದ ತರೋದು? ಇನ್ಮೇಲೆ ಹತ್ತಿರ ಹೋಗಿ ಸರಿಯಾಗಿ ನೋಡಿ ಹೇಳ್ರಿ, ಅಷ್ಟೇ."

ನೀವೂ ಗಮನಿಸಿರ್ತೀರ. ನಮ್ಮ ಸುತ್ತ ಯಾವ ವಸ್ತು ಕೈಕೊಟ್ರೂ ಸಿಗೋ ಉತ್ತರ ಎರಡೇ. ಒಂದು, ಅಡ್ಜಸ್ಟ್ ಮಾಡ್ಕೋ. ಇಲ್ಲಾಂದ್ರೆ ಹೊಸದು ತಗೋ. ದುಡ್ಡಿಲ್ಲದವರಿಗೆ ಮೊದಲನೇದು, ದುಡ್ಡಿದ್ದವರಿಗೆ ಎರಡನೇದು. ಎರಡರಲ್ಲೂ ಒಂದು ಪ್ರಶ್ನೆಯನ್ನ ಯಾರೂ ಕೇಳೋದೇ ಇಲ್ಲ: ಇದು ಯಾಕೆ ಹೀಗಾಗ್ತಿದೆ?

ಈ ಸರಣಿಯಲ್ಲಿ ನಾನು ಹೇಳೋಕೆ ಹೊರಟಿರೋದು ಆ ಪ್ರಶ್ನೆ ಬಗ್ಗೆ. ನಾನು ಬಿಕಾಂ ಹುಡುಗಿ. ಇಂಜಿನಿಯರಿಂಗ್ ಓದಿಲ್ಲ, ಕೋಡಿಂಗ್ ಬರಲ್ಲ. ಆದ್ರೂ ಕಾರಣ ಹುಡುಕೋಕೆ ಬೇಕಾದ ಅಭ್ಯಾಸ ನಮ್ಮ ಸಿಲೆಬಸ್‌ನಲ್ಲೇ ಇದೆ ಅಂತ ಈ ಸ್ಕ್ರೀನ್ ದೆಸೆಯಿಂದ ಗೊತ್ತಾಯ್ತು. "ನಂಗೆ ಟೆಕ್ನಿಕಲ್ ಎಲ್ಲ ಅರ್ಥ ಆಗಲ್ಲಪ್ಪ" ಅಂತ ಹೇಳೋ ಕಾಮರ್ಸ್ ಫ್ರೆಂಡ್ಸ್ ಎಲ್ಲರೂ ಪೂರ್ತಿ ಓದಿ, ಪ್ಲೀಸ್.

(ಭಾಗ 3/10)

ಮೊದಲು ಸ್ವಲ್ಪ ಲೆಕ್ಕ. ಹೆದರ್ಬೇಡಿ, ಗುಣಾಕಾರ ಅಷ್ಟೇ.

ಎಲ್‌ಸಿಡಿ ಮಾನಿಟರ್ ಒಳಗೆ ಚುಕ್ಕಿಗಳ ಸಾಲು ಇರುತ್ತೆ, ರಂಗೋಲಿ ಚುಕ್ಕಿ ಥರ. ಫ್ಯಾಕ್ಟರಿಯಲ್ಲಿ ಎಷ್ಟು ಇಟ್ಟಿದಾರೋ ಅಷ್ಟೇ, ಆಮೇಲೆ ಹೆಚ್ಚು ಕಮ್ಮಿ ಆಗಲ್ಲ. ನಮ್ಮ 17 ಇಂಚಿನ ಮಾನಿಟರ್‌ನಲ್ಲಿ ಅಡ್ಡಕ್ಕೆ 1280, ಉದ್ದಕ್ಕೆ 1024. ಗುಣಿಸಿದ್ರೆ 13,10,720 ಚುಕ್ಕಿ.

ಪೈ ಕಳಿಸ್ತಿದ್ದದ್ದು ಎಷ್ಟು ಗೊತ್ತಾ? 1024×768. ಅಂದ್ರೆ 7,86,432. ಭಾಗಿಸಿ ನೋಡಿ, ಸರಿಯಾಗಿ 60 ಪರ್ಸೆಂಟ್. ಬಾಡಿಗೆ ಪೂರ್ತಿ ಕಟ್ಟಿ, ಅಂಗಡಿಯ 40 ಪರ್ಸೆಂಟ್ ಜಾಗಕ್ಕೆ ಬೀಗ ಹಾಕಿಟ್ಟ ಹಾಗೆ.

ಹಾಗಾದ್ರೆ ಸ್ಕ್ರೀನ್ ಪೂರ್ತಿ ತುಂಬಿದ್ದು ಹೇಗೆ? ಮಾನಿಟರ್ ಚಿತ್ರವನ್ನ ಎಳೆದು ಹಿಗ್ಗಿಸುತ್ತೆ. ಅಡ್ಡಡ್ಡ 4 ಚುಕ್ಕಿಗೆ ಬಂದ ಮಾಹಿತಿಯನ್ನ 5 ಚುಕ್ಕಿಗೆ ಹಂಚಬೇಕು. ಮೇಲಿಂದ ಕೆಳಕ್ಕೆ 3 ಚುಕ್ಕಿಯದ್ದನ್ನ 4ಕ್ಕೆ. ನಾಲ್ಕು ಜನರ ಅಡುಗೆಯನ್ನ ಐದು ತಟ್ಟೆಗೆ ಬಡಿಸಿದ ಹಾಗೆ: ಪ್ರತಿ ತಟ್ಟೆಗೂ ಪಕ್ಕದ ತಟ್ಟೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಹಾಕಬೇಕಾಗುತ್ತೆ. ಸ್ಕ್ರೀನ್‌ನಲ್ಲಿ ಇದರ ಅರ್ಥ ಕಪ್ಪು ಗೆರೆಯ ಪಕ್ಕ ಬೂದು ಬಣ್ಣ ಹರಡೋದು. ಸಣ್ಣ ಅಕ್ಷರದ 3ರಲ್ಲಿ ಎಡಗಡೆ ಖಾಲಿ ಜಾಗ ಇರುತ್ತಲ್ಲ, ಅಲ್ಲಿ ಬೂದು ತುಂಬಿದ್ರೆ 8.

ಅಜ್ಜಿಯ 500 ರೂಪಾಯಿ ಹೋಗಿದ್ದು ಆ ಬೂದು ಬಣ್ಣದಲ್ಲಿ.

ಇನ್ನೊಂದು ಗುರುತು ಹೇಳ್ತೀನಿ. ಅಡ್ಡಕ್ಕೂ ಉದ್ದಕ್ಕೂ ಹಿಗ್ಗೋ ಪ್ರಮಾಣ ಬೇರೆ ಬೇರೆ ಆದ್ರೆ ದುಂಡಗಿನ ವಸ್ತು ದುಂಡಗೆ ಕಾಣಲ್ಲ. ನಮ್ಮ ಸ್ಕ್ರೀನ್‌ನಲ್ಲಿ ವೃತ್ತ ಸ್ವಲ್ಪ ನಿಂತ ಮೊಟ್ಟೆ ಥರ ಕಾಣ್ತಿತ್ತು. ನಿಮ್ಮ ಸ್ಕ್ರೀನ್ ಮೇಲೆ ಡೌಟ್ ಇದ್ರೆ ಒಂದು ವೃತ್ತದ ಚಿತ್ರ ತೆರೆದು, ಸ್ಕೇಲ್ ಇಟ್ಟು ಅಗಲ ಎತ್ತರ ಅಳೆದು ನೋಡಿ. ಎರಡು ನಿಮಿಷದ ಕೆಲಸ. ಎರಡು ವರ್ಷ ನಾನು ಅದನ್ನ ಮಾಡ್ಲಿಲ್ಲ.

(ಭಾಗ 4/10)

ಈಗ ನನ್ನ ತಪ್ಪೊಪ್ಪಿಗೆ. ಈ ಭಾಗ ಬರೆಯೋಕೆ ನಾಚಿಕೆ ಆಗುತ್ತೆ, ಆದ್ರೆ ನೀವು ಇದೇ ತಪ್ಪು ಮಾಡ್ಬಾರ್ದು ಅಂತ ಬರೀತಿದೀನಿ.

ಕಾರಣ ಹುಡುಕೋ ಮೊದಲು ನಾನು ಮಾಡಿದ್ದು ಕಾಪಿ-ಪೇಸ್ಟ್. ಫೋನ್‌ನಲ್ಲಿ ಹುಡುಕಿದೆ, ಯಾರೋ ಬರೆದಿದ್ದ ಏಳೆಂಟು ಸಾಲು ಸಿಕ್ತು. ಪೈನಲ್ಲಿ ಕಾನ್ಫಿಗ್ ಅನ್ನೋ ಒಂದು ಟೆಕ್ಸ್ಟ್ ಫೈಲ್ ಇದೆ, ಅದರೊಳಗೆ ಎಲ್ಲಾ ಸಾಲು ಒಟ್ಟಿಗೆ ಹಾಕಿದೆ. ಎಚ್‌ಡಿಎಂಐ ಗ್ರೂಪ್ ಎರಡು, ಎಚ್‌ಡಿಎಂಐ ಮೋಡ್ ಮೂವತ್ತೈದು, ಇನ್ನೂ ಏನೇನೋ. ರೀಸ್ಟಾರ್ಟ್ ಮಾಡಿದೆ. ಒಂದಿಷ್ಟೂ ಬದಲಾಗಲಿಲ್ಲ.

ಯಾಕೆ ಅಂತ ಆಮೇಲೆ ಗೊತ್ತಾಯ್ತು. ಆ ಸಾಲುಗಳು ಸುಳ್ಳಲ್ಲ, ಹಳೇವು. ನವೆಂಬರ್ 2021ರಲ್ಲಿ ಬಂದ ಬುಲ್ಸ್‌ಐ ಆವೃತ್ತಿಯಿಂದ ರಾಸ್ಬೆರಿ ಪೈ ಓಎಸ್ ಸ್ಕ್ರೀನ್ ನಡೆಸೋ ವ್ಯವಸ್ಥೆಯನ್ನೇ ಬದಲಾಯಿಸಿದೆ. ಹೊಸ ವ್ಯವಸ್ಥೆ ಆ ಗ್ರೂಪ್, ಮೋಡ್ ಸಾಲುಗಳನ್ನ ಓದೋದೇ ಇಲ್ಲ. ರದ್ದಾದ ನೋಟು ಕೊಟ್ಟು ಸಾಮಾನು ಕೇಳಿದ ಹಾಗಾಯ್ತು ನನ್ನ ಕಥೆ.

ಅಷ್ಟಕ್ಕೇ ನಿಲ್ಲಿಸ್ಲಿಲ್ಲ. ಇನ್ನೊಬ್ಬರು ಬರೆದಿದ್ದ ಹೊಸ ಸಾಲು ಸಿಕ್ತು, ಅದರಲ್ಲಿ 1920×1080 ಅಂತಿತ್ತು. ಅವರ ಮಾನಿಟರ್ ಅಳತೆ ಅದು. ನಾನು ಓದದೇ ಹಾಗೇ ಹಾಕಿದೆ. ರೀಸ್ಟಾರ್ಟ್ ಆದ ಮೇಲೆ ಸ್ಕ್ರೀನ್ ಕಪ್ಪು, ಮಧ್ಯದಲ್ಲಿ "ಔಟ್ ಆಫ್ ರೇಂಜ್" ಅನ್ನೋ ಡಬ್ಬಿ ತೇಲಾಡ್ತಿತ್ತು. ರಾತ್ರಿ ಒಂಬತ್ತೂವರೆ. ಬೆಳಗ್ಗೆ ಆರಕ್ಕೆ ಅಂಗಡಿ ತೆಗೀಬೇಕು.

ಮೆಮೊರಿ ಕಾರ್ಡ್ ಕಿತ್ಕೊಂಡು ಗೆಳತಿ ಮನೆಗೆ ಓಡಿದೆ. ಅವಳ ವಿಂಡೋಸ್ ಲ್ಯಾಪ್‌ಟಾಪ್‌ಗೆ ಹಾಕಿದ ತಕ್ಷಣ "ಈ ಡಿಸ್ಕ್ ಫಾರ್ಮ್ಯಾಟ್ ಮಾಡ್ಬೇಕು" ಅಂತ ಬಂತು. ಗಾಬರಿಯಲ್ಲಿ ಬೆರಳು ಒತ್ತೋಕೇ ಹೋಗಿತ್ತು. ಗೆಳತಿ ಕೈ ಹಿಡ್ಕೊಂಡು "ಮೊದ್ಲು ಓದೇ!" ಅಂದ್ಲು.

ಪೈ ಕಾರ್ಡ್‌ನಲ್ಲಿ ಎರಡು ಭಾಗ ಇರುತ್ತೆ. ಚಿಕ್ಕದು ವಿಂಡೋಸ್‌ಗೆ ಓದೋಕೆ ಬರುತ್ತೆ, ಸರಿ ಮಾಡ್ಬೇಕಾದ ಫೈಲ್‌ಗಳು ಅಲ್ಲೇ ಇರೋದು. ದೊಡ್ಡದು ಲಿನಕ್ಸ್ ಭಾಗ, ವಿಂಡೋಸ್‌ಗೆ ಅರ್ಥ ಆಗಲ್ಲ. ಅರ್ಥ ಆಗದ್ದನ್ನ "ಅಳಿಸಿಬಿಡ್ಲಾ?" ಅಂತ ಕೇಳುತ್ತೆ. ಅದನ್ನ ಒತ್ತಿದ್ರೆ ಎರಡು ವರ್ಷದ ಉದ್ರಿ ಲೆಕ್ಕ ಪೂರ್ತಿ ಹೋಗ್ತಿತ್ತು. ಬ್ಯಾಕಪ್? ಇರ್ಲಿಲ್ಲ.

(ಭಾಗ 5/10)

ಆ ರಾತ್ರಿ ಹಾಕಿದ್ದ ಸಾಲೆಲ್ಲ ಅಳಿಸಿ, ಮಸುಕು ಸ್ಕ್ರೀನ್ ವಾಪಸ್ ಬಂದಾಗ ಅದನ್ನ ನೋಡಿಯೇ ಖುಷಿ ಆಯ್ತು ನಂಗೆ! ಮೊದಲು ಉದ್ರಿ ಶೀಟನ್ನ ಪೆನ್‌ಡ್ರೈವ್‌ಗೆ ಹಾಕ್ಕೊಂಡೆ. ಆಮೇಲೆ ಸಮಾಧಾನವಾಗಿ ಕೂತು ಓದಿದೆ.

ಕಂಪ್ಯೂಟರ್‌ಗೂ ಮಾನಿಟರ್‌ಗೂ ಕೇಬಲ್ ಹಾಕಿದ ಕೂಡಲೇ ಚಿತ್ರ ಹೋಗಲ್ಲ. ಅದಕ್ಕೂ ಮೊದಲು ಒಂದು ಪರಿಚಯ ನಡೆಯುತ್ತೆ. ಮಾನಿಟರ್ ತನ್ನ ಜಾತಕವನ್ನ ಕಂಪ್ಯೂಟರ್‌ಗೆ ಕೊಡುತ್ತೆ: ನನ್ನ ಕಂಪನಿ ಇದು, ತಯಾರಾದ ವರ್ಷ ಇದು, ನನ್ನ ಅಳತೆ ಇಷ್ಟು, ಇಂತಿಂಥ ರೆಸಲ್ಯೂಷನ್ ತೋರಿಸಬಲ್ಲೆ. ಇದಕ್ಕೆ ಇಡಿಐಡಿ ಅಂತಾರೆ, ಎಕ್ಸ್‌ಟೆಂಡೆಡ್ ಡಿಸ್‌ಪ್ಲೇ ಐಡೆಂಟಿಫಿಕೇಷನ್ ಡೇಟಾ. ವೆಸಾ ಅನ್ನೋ ಸಂಸ್ಥೆ 1994ರಲ್ಲಿ ಇದನ್ನ ಮಾನದಂಡ ಮಾಡ್ತು. ಮೂಲ ಜಾತಕದ ಗಾತ್ರ ಬರೀ 128 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಅಂದ್ರೆ ಅಷ್ಟರಲ್ಲಿ ನಾನು ಒಂದು ಸಣ್ಣ ವಾಕ್ಯ ಬರೀಬಹುದು ಅಷ್ಟೇ.

ಆ ಜಾತಕ ಕೈಗೆ ಸಿಗದಿದ್ರೆ? ಪೈನಲ್ಲಿರೋ ಲಿನಕ್ಸ್ ರಿಸ್ಕ್ ತಗೊಳ್ಳಲ್ಲ. ಎಂಥ ಮಾನಿಟರ್ ಆದ್ರೂ ಇಷ್ಟನ್ನ ತಡ್ಕೊಳ್ಳುತ್ತೆ ಅಂತ 1024×768ಕ್ಕೆ ನಿಲ್ಲಿಸುತ್ತೆ. ನಮ್ಮ ಸ್ಕ್ರೀನ್‌ನಲ್ಲಿ ಇದ್ದದ್ದು ಅದೇ ಅಂಕಿ.

ಇಲ್ಲಿ ನಂಗೆ ತಟ್ಟಂತ ನೆನಪಾಗಿದ್ದು ಫಸ್ಟ್ ಪಿಯುಸಿಯ ಬ್ಯಾಂಕ್ ರಿಕನ್ಸಿಲಿಯೇಷನ್ ಸ್ಟೇಟ್‌ಮೆಂಟ್. ಕ್ಯಾಶ್ ಬುಕ್‌ನಲ್ಲಿ ಒಂದು ಬ್ಯಾಲೆನ್ಸ್, ಪಾಸ್ ಬುಕ್‌ನಲ್ಲಿ ಇನ್ನೊಂದು. ಆವಾಗ ನಾವೇನು ಮಾಡ್ತೀವಿ? ಇರಲಿ ಬಿಡು ಅಂತ ಒಂದು ಅಂಕಿ ತಿದ್ದಿ ಅಡ್ಜಸ್ಟ್ ಮಾಡಲ್ಲ. ಅಕೌಂಟ್ ಮುಚ್ಚಿ ಹೊಸ ಬ್ಯಾಂಕಿಗೂ ಹೋಗಲ್ಲ. ಎರಡೂ ಪುಸ್ತಕ ಅಕ್ಕಪಕ್ಕ ಇಟ್ಕೊಂಡು ಒಂದೊಂದೇ ಎಂಟ್ರಿಗೆ ಟಿಕ್ ಹಾಕ್ತಾ ಹೋಗ್ತೀವಿ. ಯಾವುದಕ್ಕೆ ಟಿಕ್ ಬೀಳಲ್ಲವೋ ಅಲ್ಲಿ ವ್ಯತ್ಯಾಸ ಇರುತ್ತೆ.

ಪೈನ ಪುಸ್ತಕ 1024 ಅನ್ನುತ್ತೆ, ಮಾನಿಟರ್ ಪುಸ್ತಕ 1280 ಅನ್ನುತ್ತೆ. ಸರಿ, ಟಿಕ್ ಹಾಕೋಣ ಅಂತ ಪೆನ್ನು ತಗೊಂಡೆ.

(ಭಾಗ 6/10)

ಮೇಲಿನ ಫೋಟೋ ನನ್ನ ನೋಟ್‌ಬುಕ್ಕಿಂದು. ಅಕ್ಷರ ನೋಡಿ ನಗ್ಬೇಡಿ.

ಮೂರು ಕಾಲಂ ಹಾಕಿದೀನಿ. ಏನು ಬದಲಾಯಿಸಿದೆ, ಏನಾಯ್ತು, ಅದರಿಂದ ಯಾವುದಕ್ಕೆ ಟಿಕ್. ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ಏಳು ಸಾಲು ಒಟ್ಟಿಗೆ ಹಾಕಿದಾಗ ಒಂದು ವೇಳೆ ಸರಿ ಹೋಗಿದ್ರೂ ಯಾವ ಸಾಲಿನಿಂದ ಅಂತ ನಂಗೆ ತಿಳೀತಿರ್ಲಿಲ್ಲ.

ಮೊದಲನೇ ಟೆಸ್ಟ್. ಪೈಯನ್ನ ಗೆಳತಿ ಮನೆಯ ಎಚ್‌ಡಿಎಂಐ ಮಾನಿಟರ್‌ಗೆ ನೇರವಾಗಿ ಹಾಕಿದೆ. ನಾನು ಏನೂ ಮುಟ್ಟದೇನೇ 1920×1080 ಬಂತು, ಅಕ್ಷರ ಕಡೆದಿಟ್ಟ ಹಾಗೆ. ಪೈಗೆ ಟಿಕ್.

ಎರಡನೇ ಟೆಸ್ಟ್. ಅವರ ಮನೆಯಲ್ಲಿ ನೀಲಿ ವಿಜಿಎ ಪೋರ್ಟ್ ಇರೋ ಹಳೇ ಲ್ಯಾಪ್‌ಟಾಪ್ ಇತ್ತು. ಅದಕ್ಕೆ ನಮ್ಮ ಮಾನಿಟರ್‌ನ ಅದರದೇ ಕೇಬಲ್‌ನಿಂದ ಹಾಕಿದೆ. 1280×1024 ತಾನಾಗೇ ಬಂತು. ಮಾನಿಟರ್‌ಗೂ ಟಿಕ್, ಕೇಬಲ್‌ಗೂ ಟಿಕ್. "ಹಳೇದು, ಸೆಟ್ ಆಗಲ್ಲ" ಅಂತ ಅಂಗಡಿ ಅಣ್ಣ ಹೇಳಿದ್ದು ಇಲ್ಲಿಗೆ ಬಿದ್ದುಹೋಯ್ತು.

ಉಳಿದಿದ್ದು ಒಂದೇ. ಪೈ 4ರಲ್ಲಿ ಇರೋದು ಮೈಕ್ರೋ ಎಚ್‌ಡಿಎಂಐ, ಮಾನಿಟರ್‌ಗೆ ಬೇಕಾದ್ದು ವಿಜಿಎ. ನಡುವೆ ಹೆಬ್ಬೆರಳಿನಷ್ಟು ದೊಡ್ಡ ಒಂದು ಅಡಾಪ್ಟರ್ ಇದೆ, 180 ರೂಪಾಯಿಗೆ ನಾನೇ ತಂದಿದ್ದು. ಅದು ಚಿತ್ರವನ್ನ ಆ ಕಡೆಗೆ ದಾಟಿಸ್ತಿತ್ತು. ಮಾನಿಟರ್‌ನ ಜಾತಕವನ್ನ ಈ ಕಡೆಗೆ ದಾಟಿಸ್ತಿರ್ಲಿಲ್ಲ. ಅಗ್ಗದ ಅಡಾಪ್ಟರ್‌ಗಳಲ್ಲಿ ಇದು ಆಗುತ್ತೆ.

ಎರಡು ಕಡೆಯ ಬೀಗರೂ ಸರಿಯಿದ್ರು, ಮಧ್ಯದ ದಲ್ಲಾಳಿ ಅರ್ಧ ಮಾತು ನುಂಗ್ತಿದ್ದ!

ಯೋಚನೆ ಮಾಡಿ. ಅಂಗಡಿ ಅಣ್ಣನ ಮಾತು ಕೇಳಿ ಆರೂವರೆ ಸಾವಿರ ಕೊಟ್ಟಿದ್ರೆ ಸಮಸ್ಯೆ ಹೋಗ್ತಿತ್ತು, ಯಾಕಂದ್ರೆ ಹೊಸ ಮಾನಿಟರ್‌ಗೆ ಅಡಾಪ್ಟರೇ ಬೇಕಾಗ್ತಿರ್ಲಿಲ್ಲ. ಆಗ ನಾನು "ಹೌದು, ಮಾನಿಟರೇ ಹಾಳಾಗಿತ್ತು" ಅಂತ ಜೀವನಪೂರ್ತಿ ನಂಬ್ಕೊಂಡು ಇರ್ತಿದ್ದೆ. ಆ ಒಳ್ಳೇ ಮಾನಿಟರ್ ಗುಜರಿ ಸೇರ್ತಿತ್ತು.

(ಭಾಗ 7/10)

ಈ ಭಾಗ ಸೇವ್ ಮಾಡ್ಕೊಳ್ಳಿ, ಪೈ ಇರೋ ಫ್ರೆಂಡ್‌ಗೆ ಕಳ್ಸಿ.

ಮೊದಲು ಸುಲಭದ್ದು. ಪೈನ ಮೆನುವಿನಲ್ಲಿ ಸ್ಕ್ರೀನ್ ಸೆಟ್ಟಿಂಗ್ ಇರುತ್ತೆ. ನಿಮ್ಮ ಮಾನಿಟರ್‌ನ ನಿಜವಾದ ಅಳತೆ ಅಲ್ಲಿನ ಪಟ್ಟಿಯಲ್ಲಿದ್ರೆ ಆರಿಸಿ, ಮುಗೀತು. ನಮ್ಮದರಲ್ಲಿ 1024×768ರ ಮೇಲೆ ಏನೂ ಇರ್ಲಿಲ್ಲ, ಜಾತಕವೇ ಬಂದಿಲ್ಲವಲ್ಲ.

ಪಟ್ಟಿಯಲ್ಲಿ ಇಲ್ಲಾಂದ್ರೆ ನಾವೇ ಕೈಯಾರೆ ಹೇಳ್ಬೇಕು. ಅದಕ್ಕೆ ಸಿಎಂಡಿಲೈನ್ ಅನ್ನೋ ಟೆಕ್ಸ್ಟ್ ಫೈಲ್ ಇದೆ. ಅಕ್ಟೋಬರ್ 2023ರ ಬುಕ್‌ವರ್ಮ್ ಆವೃತ್ತಿಯಿಂದ ಅದು ಬೂಟ್ ಫೋಲ್ಡರ್ ಒಳಗಿನ ಫರ್ಮ್‌ವೇರ್ ಫೋಲ್ಡರ್‌ನಲ್ಲಿರುತ್ತೆ, ಅದಕ್ಕೂ ಹಿಂದಿನದ್ರಲ್ಲಿ ನೇರವಾಗಿ ಬೂಟ್‌ನಲ್ಲೇ. ಮೊದಲು ಫೈಲ್‌ನ ಒಂದು ಕಾಪಿ ಮಾಡಿಟ್ಕೊಳ್ಳಿ. ಇದನ್ನ ಮರೀಬೇಡಿ.

ನಾನು ಸೇರಿಸಿದ್ದು ಮೇಲಿನ ಫೋಟೋದಲ್ಲಿರೋ ತುಣುಕು. ಬಾಯಲ್ಲಿ ಓದಿ ಹೇಳಿದ್ರೆ ಹೀಗೆ: ವಿಡಿಯೋ, ಸಮ ಚಿಹ್ನೆ, ಎಚ್‌ಡಿಎಂಐ ಹೈಫನ್ ಎ ಹೈಫನ್ 1, ಕೋಲನ್, 1280, ಸಣ್ಣ ಎಕ್ಸ್, 1024, ದೊಡ್ಡ ಎಂ, ಅಟ್ ಚಿಹ್ನೆ, 60, ದೊಡ್ಡ ಡಿ. ನಡುವೆ ಎಲ್ಲೂ ಖಾಲಿ ಜಾಗ ಇಲ್ಲ.

ಅರ್ಥ ತಿಳ್ಕೊಂಡು ಹಾಕಿ. ಎಚ್‌ಡಿಎಂಐ-ಎ-1 ಅಂದ್ರೆ ಮೊದಲನೇ ಪೋರ್ಟ್, ಪವರ್ ಕೇಬಲ್‌ಗೆ ಹತ್ತಿರ ಇರೋದು. ಪಕ್ಕದ್ದಕ್ಕೆ ಹಾಕಿದ್ರೆ ಈ ಸಾಲು ಅದಕ್ಕೆ ಅನ್ವಯ ಆಗಲ್ಲ. ಆಮೇಲೆ ಬರೋದು ಅಳತೆ. ನಿಮ್ಮ ಮಾನಿಟರ್ ಅಳತೆ ಹಾಕಿ, ನಂದಲ್ಲ! ಎಂ ಅಂದ್ರೆ ಆ ಅಳತೆಗೆ ಬೇಕಾದ ಟೈಮಿಂಗ್ ನೀನೇ ಲೆಕ್ಕ ಹಾಕ್ಕೋ ಅಂತ. 60 ಅಂದ್ರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗಿ ಬರಬೇಕು ಅನ್ನೋದು. ಡಿ ಅಂದ್ರೆ ಮಾನಿಟರ್ ಇದೆಯೋ ಇಲ್ವೋ ಅಂತ ಡೌಟ್ ಪಡಬೇಡ, ಚಿತ್ರ ಕಳಿಸು ಅಂತ.

ಒಂದು ಎಚ್ಚರಿಕೆ. ಆ ಫೈಲ್ ಪೂರ್ತಿ ಒಂದೇ ಸಾಲು. ಎಂಟರ್ ಒತ್ತಬೇಡಿ. ಇರೋ ಸಾಲಿನ ಕೊನೆಗೆ ಒಂದು ಸ್ಪೇಸ್ ಬಿಟ್ಟು ಸೇರಿಸಿ, ಸೇವ್ ಮಾಡಿ, ರೀಸ್ಟಾರ್ಟ್ ಮಾಡಿ.

ಸ್ಕ್ರೀನ್ ಬಂತು. ವೃತ್ತ ದುಂಡಗಿತ್ತು. 3, 3ರ ಹಾಗೇ ಕಾಣ್ತಿತ್ತು. ಖರ್ಚು ಸೊನ್ನೆ.

(ಭಾಗ 8/10)

ಸಿನಿಮಾ ಆಗಿದ್ರೆ ಇಲ್ಲಿಗೆ ಶುಭಂ. ಆದ್ರೆ ಬೆಳಗ್ಗೆ ಅಪ್ಪ ಕೂತ್ಕೊಂಡು ನೋಡಿದವರೇ "ಚಂದ ಕಾಣ್ತೈತಿ, ಆದ್ರೆ ಮೊದಲಿಗಿಂತ ಸಣ್ಣ ಆಗೈತಲ್ಲ ಮಗಳೇ" ಅಂದ್ರು.

ನಿಜ. ಅದೇ 17 ಇಂಚಿನಲ್ಲಿ ಈಗ ಹೆಚ್ಚು ಚುಕ್ಕಿ ಕೆಲಸ ಮಾಡ್ತಿವೆ, ಹಾಗಾಗಿ ಅಕ್ಷರದ ಗಾತ್ರ ಇಳಿಯುತ್ತೆ. ತುಂಬಾ ಜನ ಇಲ್ಲೇ ಎಡವೋದು. ಅಕ್ಷರ ದೊಡ್ಡದಾಗಲಿ ಅಂತ ರೆಸಲ್ಯೂಷನ್ ಕಮ್ಮಿ ಮಾಡ್ತಾರೆ. ದೊಡ್ಡದೇನೋ ಆಗುತ್ತೆ, ಜೊತೆಗೆ ಮಸುಕೂ ಆಗುತ್ತೆ. ನಮ್ಮ ಹಳೇ ಸ್ಥಿತಿಗೇ ವಾಪಸ್.

ರೆಸಲ್ಯೂಷನ್‌ನ ಮಾನಿಟರ್‌ಗೆ ತಕ್ಕ ಹಾಗೆ ಇಡಿ, ಅಕ್ಷರವನ್ನ ಓದೋರಿಗೆ ತಕ್ಕ ಹಾಗೆ ಇಡಿ. ಎರಡೂ ಬೇರೆ ಬೇರೆ ಸೆಟ್ಟಿಂಗ್. ನಾನು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಜೂಮ್ 150ಕ್ಕೆ ಇಟ್ಟೆ, ಬಾಕಿ ಮೊತ್ತದ ಕಾಲಂ ಮಾತ್ರ ಇನ್ನೂ ದಪ್ಪ ಅಕ್ಷರಕ್ಕೆ ಬದಲಾಯಿಸಿದೆ. ಈಗ ಅಪ್ಪ ಕುರ್ಚಿಗೆ ಒರಗಿಕೊಂಡೇ ಓದ್ತಾರೆ.

ನಿಮ್ಮ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲೂ ಇದೇ ಮಾತು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಸ್ಕೇಲ್ ಅಂತ ಒಂದು, ರೆಸಲ್ಯೂಷನ್ ಅಂತ ಇನ್ನೊಂದು ಇರುತ್ತೆ. ಅಜ್ಜ ಅಜ್ಜಿಗೆ ದೊಡ್ಡದಾಗಿ ಕಾಣಬೇಕಾದ್ರೆ ಸ್ಕೇಲ್ ಹೆಚ್ಚು ಮಾಡಿ, ರೆಸಲ್ಯೂಷನ್ ಮುಟ್ಟಬೇಡಿ.

ಪೈಯನ್ನ ಟಿವಿಗೆ ಹಾಕಿರೋರಿಗೆ ಇನ್ನೊಂದು ತೊಂದರೆ ಬರಬಹುದು: ಸುತ್ತಲೂ ಕಪ್ಪು ಅಂಚು, ಇಲ್ಲಾ ಮೆನು ಅಂಚಿನಾಚೆ ಕತ್ತರಿಸಿ ಹೋಗೋದು. ಇದು ಡಬ್ಬಿ ಟಿವಿ ಕಾಲದ ಉಳಿಕೆ. ಆ ಟಿವಿಗಳು ಚಿತ್ರದ ಅಂಚನ್ನ ಚೌಕಟ್ಟಿನ ಹಿಂದೆ ಮುಚ್ಚಿಡ್ತಿದ್ವು, ಅದಕ್ಕೆ ಓವರ್‌ಸ್ಕ್ಯಾನ್ ಅಂತಾರೆ. ಅದಕ್ಕೋಸ್ಕರ ಕಂಪ್ಯೂಟರ್ ಸುತ್ತಲೂ ಅಂಚು ಬಿಡೋ ರೂಢಿ ಬಂತು. ಮೊದಲು ಟಿವಿಯದೇ ಪಿಕ್ಚರ್ ಮೆನುವಿನಲ್ಲಿ ಸ್ಕ್ರೀನ್ ಫಿಟ್ ಥರದ ಆಯ್ಕೆ ಹುಡುಕಿ, ಅದಾದ ಮೇಲೆ ಪೈನ ಸೆಟ್ಟಿಂಗ್‌ಗೆ ಕೈ ಹಾಕಿ. ಒಂದು ಸಲಕ್ಕೆ ಒಂದೇ!

(ಭಾಗ 9/10)

ಕಳೆದ ಭಾಗಗಳಿಗೆ ಕ್ಲಾಸ್‌ಮೇಟ್ಸ್ ಡಿಎಂ ಮಾಡಿದ್ದು ಬಹುತೇಕ ಒಂದೇ ಪ್ರಶ್ನೆ. "ಇಷ್ಟೆಲ್ಲ ಟೈಮ್ ವೇಸ್ಟ್ ಮಾಡೋ ಬದಲು ಹೊಸದು ತಗೊಂಡಿದ್ರೆ ಆಗ್ತಿರ್ಲಿಲ್ವಾ? ಆಪರ್ಚುನಿಟಿ ಕಾಸ್ಟ್ ಅಂತ ಓದಿಲ್ವಾ ನೀನು?"

ಓದಿದೀನಿ. ಅದಕ್ಕೇ ಲೆಕ್ಕ ಹಾಕೇ ಹೇಳ್ತೀನಿ. ನಂಗೆ ಹಿಡಿದಿದ್ದು ಎರಡು ಸಂಜೆ, ಅದರಲ್ಲಿ ಒಂದು ಪೂರ್ತಿ ಸಂಜೆ ಓದದೇ ಪೇಸ್ಟ್ ಮಾಡಿದ್ದಕ್ಕೆ ಹೋಯ್ತು. ಉಳಿದಿದ್ದು ಆರೂವರೆ ಸಾವಿರ. ನಮ್ಮ ಅಂಗಡಿಯಲ್ಲಿ ಅಷ್ಟು ಲಾಭ ಬರೋಕೆ ಎಷ್ಟು ಮೂಟೆ ಅಕ್ಕಿ ಮಾರ್ಬೇಕು ಅಂತ ಅಪ್ಪನ್ನ ಕೇಳಿದ್ರೆ ನಿಮಗೇ ಗೊತ್ತಾಗುತ್ತೆ.

ಆದ್ರೆ ಹೊಸದು ತಗೊಳ್ಳೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಪರದೆ ಮೇಲೆ ಗೆರೆ ಬಂದಿದ್ರೆ, ಒಳಗಿನ ದೀಪ ಹೋಗಿದ್ರೆ, ಸುಟ್ಟ ವಾಸನೆ ಬಂದ್ರೆ ಯಾವ ಸೆಟ್ಟಿಂಗೂ ಉಳಿಸಲ್ಲ. ಬಿಚ್ಚೋಕೂ ಹೋಗ್ಬೇಡಿ, ಒಳಗೆ ಹೈ ವೋಲ್ಟೇಜ್ ಇರುತ್ತೆ. ನನ್ನ ವಿಷಯದಲ್ಲೂ ಒಂದು ಒಳ್ಳೇ ಅಡಾಪ್ಟರ್ ತಗೊಂಡಿದ್ರೆ ಅದು ತಪ್ಪೇನಾಗ್ತಿರ್ಲಿಲ್ಲ, ಯಾಕಂದ್ರೆ ಅಷ್ಟೊತ್ತಿಗೆ ದೋಷ ಎಲ್ಲಿದೆ ಅಂತ ಗೊತ್ತಿತ್ತು. ಕಾರಣ ತಿಳ್ಕೊಂಡ ಮೇಲೆ ಬಿಚ್ಚೋ ದುಡ್ಡಿಗೂ, ತಿಳಿಯದೇ ಬಿಚ್ಚೋ ದುಡ್ಡಿಗೂ ವ್ಯತ್ಯಾಸ ಇದೆ.

ಎಸೆದ ಮಾನಿಟರ್ ಎಲ್ಲಿಗೆ ಹೋಗುತ್ತೆ ಅನ್ನೋದೂ ಲೆಕ್ಕಕ್ಕೆ ಬರಬೇಕು. ಆ ಕಾಲದ ಎಲ್‌ಸಿಡಿಗಳ ಹಿಂದಿನ ಸಣ್ಣ ಟ್ಯೂಬ್ ದೀಪಗಳಲ್ಲಿ ಪಾದರಸ ಇರುತ್ತೆ. ಗುಜರಿಯಲ್ಲಿ ಅದನ್ನ ಒಡೆಯೋರ ಕೈಗೆ ಗ್ಲೌಸ್ ಇರಲ್ಲ.

ಇನ್ನೊಂದು ವಿಷಯ ನಂಗೆ ತುಂಬಾ ಇಷ್ಟ ಆಯ್ತು. ಮೊದಲ ರಾಸ್ಬೆರಿ ಪೈ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಿಂದ 29 ಫೆಬ್ರವರಿ 2012ರಂದು ಮಾರಾಟಕ್ಕೆ ಬಂತು. ಎಬೆನ್ ಅಪ್ಟನ್ ಮತ್ತು ಜೊತೆಗಾರರು ಮಕ್ಕಳು ಕಂಪ್ಯೂಟರ್‌ನ ಒಳಗನ್ನ ಕಲೀಲಿ ಅಂತ ಮಾಡಿದ್ದು. ಬೆಲೆ 35 ಡಾಲರ್. ಅದರಲ್ಲಿ ಎಚ್‌ಡಿಎಂಐ ಜೊತೆಗೆ ಹಳೇ ಟಿವಿಗೆ ಹಾಕೋ ಹಳದಿ ಪಿನ್ನಿನ ಜಾಗವನ್ನೂ ಇಟ್ಟಿದ್ರು. ಮನೆಯಲ್ಲಿ ಇರೋ ಹಳೇ ಟಿವಿಯೇ ಸ್ಕ್ರೀನ್ ಆಗಲಿ ಅಂತ. ಅಂಥ ಯಂತ್ರದ ಮುಂದೆ ನಿಂತು "ಹಳೇದು, ಸೆಟ್ ಆಗಲ್ಲ" ಅಂದ್ಬಿಟ್ರೆ ಹೇಗೆ?

(ಭಾಗ 10/10)

ಸ್ಕ್ರೀನ್ ಸರಿಹೋದ ಭಾನುವಾರ ಅಪ್ಪ, ನಾನು ಇಬ್ರೂ ಅಜ್ಜಿ ಮನೆಗೆ ಹೋದ್ವಿ. ಅಪ್ಪ 500 ರೂಪಾಯಿ ಕೈಗಿಟ್ಟು "ತಪ್ಪು ನಂದೇ ಅಮ್ಮಾ, 3ನ್ನ 8 ಅಂತ ಓದಿದ್ದೆ" ಅಂದ್ರು. ಅಜ್ಜಿ ನೋಟು ಎಣಿಸಿ ಸೆರಗಿಗೆ ಗಂಟು ಹಾಕ್ಕೊಂಡ್ರು. ಸ್ವಲ್ಪ ಹೊತ್ತು ಸುಮ್ನಿದ್ದು ಹೇಳಿದ್ರು: "ಇನ್ಮ್ಯಾಲೆ ಆ ಟಿವಿ ನನ್ ಕಡೆಗೂ ತಿರುಗ್ಸಪ್ಪಾ. ಅಂಕಿ ಓದಕ್ಕೆ ನಂಗೂ ಬರ್ತೈತಿ."

ಎರಡು ವರ್ಷ ಆ ಮಾನಿಟರ್‌ನ ನಾವು ನಮ್ಮ ಕಡೆಗೇ ತಿರುಗಿಸಿಟ್ಕೊಂಡಿದ್ವಿ. ಹಳೇ ಪುಸ್ತಕ ಇದ್ದಾಗ ಕೇಳಿದವರಿಗೆ ಪುಟ ತೆರೆದು ತೋರಿಸ್ತಿದ್ವಿ. ಕಂಪ್ಯೂಟರ್ ಬಂದ ಮೇಲೆ "ಕಂಪ್ಯೂಟರ್‌ನಲ್ಲಿ ಹಿಂಗಿದೆ" ಅಂತ ಹೇಳೋಕೆ ಶುರು ಮಾಡಿದ್ವಿ. ಅಜ್ಜಿಗೆ ಬೇಜಾರಾಗಿದ್ದು ಅದಕ್ಕೂ ಇರಬೇಕು. ಈಗ ಮಾನಿಟರ್ ಗಲ್ಲಾಪೆಟ್ಟಿಗೆ ಪಕ್ಕ ಓರೆಯಾಗಿ ಇದೆ, ಗಿರಾಕಿಗೂ ಕಾಣುತ್ತೆ. ಅಜ್ಜಿ ಮೊನ್ನೆ ಬಂದು ತೊಗರಿಬೇಳೆ ಒಯ್ದ್ರು. ಉದ್ರಿ ಬರೆಸಲಿಲ್ಲ, ರೊಕ್ಕ ಕೊಟ್ಟೇ ಒಯ್ದ್ರು. ನಂಬಿಕೆ ಒಂದೇ ಸಲ ರೀಸ್ಟಾರ್ಟ್ ಆಗಲ್ಲ ಅಂತ ಗೊತ್ತಾಯ್ತು.

ಫ್ರೆಂಡ್ಸ್, ನಿಮ್ಮಲ್ಲಿ ಹೆಚ್ಚಿನವರ ಹತ್ರ ರಾಸ್ಬೆರಿ ಪೈ ಇರಲ್ಲ. ಆದ್ರೆ ನಿಮ್ಮ ಲ್ಯಾಬ್‌ನಲ್ಲಿ ಮುಖ ಅಗಲ ಕಾಣೋ ಒಂದು ಮಾನಿಟರ್ ಇದ್ದೇ ಇರುತ್ತೆ. ಸೆಮಿನಾರ್ ಹಾಲ್‌ನ ಪ್ರೊಜೆಕ್ಟರ್‌ನಲ್ಲಿ ನಿಮ್ಮ ಪೈ ಚಾರ್ಟ್ ಮೊಟ್ಟೆ ಆಗಿರುತ್ತೆ. ಬ್ಯಾಲೆನ್ಸ್ ಶೀಟ್‌ನ ಕೊನೇ ಕಾಲಂ ಹಿಂದಿನ ಬೆಂಚಿಗೆ ಕಾಣ್ತಿರಲ್ಲ, ಆದ್ರೂ ಎಲ್ಲರೂ ಕಣ್ಣು ಕಿರಿದು ಮಾಡ್ಕೊಂಡು ಕೂತಿರ್ತೀವಿ. ಯಾರೂ ಎದ್ದು ಹೇಳಲ್ಲ.

ನಾಳೆ ನೀವು ಹೇಳಿ. ಅಲ್ಲಿರೋ ಮೇಷ್ಟ್ರನ್ನೋ ಲ್ಯಾಬ್ ಅಣ್ಣನನ್ನೋ ಕೇಳಿ, ಪರ್ಮಿಷನ್ ತಗೊಂಡು ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ನೋಡಿ. ಸ್ಕ್ರೀನ್‌ನ ನಿಜವಾದ ಅಳತೆ ಎಷ್ಟು, ಈಗ ಹೋಗ್ತಿರೋದು ಎಷ್ಟು, ಎರಡನ್ನೂ ಬರ್ಕೊಳ್ಳಿ. ಹೊಂದದಿದ್ರೆ ಒಂದೊಂದೇ ಟಿಕ್ ಹಾಕ್ತಾ ಹೋಗಿ. ಮುಟ್ಟೋ ಮೊದಲು ಕಾಪಿ ಇಟ್ಕೊಳ್ಳಿ. ಏನಾದ್ರೂ ಕೇಳಿದ್ರೆ ಓದಿ ಒತ್ತಿ.

ನಿಮ್ಮ ಮನೆಯಲ್ಲಿ, ಕಾಲೇಜಲ್ಲಿ ಎಲ್ಲರೂ ಸುಮ್ನೆ ಅಡ್ಜಸ್ಟ್ ಮಾಡ್ಕೊಂಡಿರೋ ಒಂದು ಸ್ಕ್ರೀನ್ ಯಾವುದು? ಕಾಮೆಂಟ್‌ನಲ್ಲಿ ಬರೀರಿ. ಮಾನಿಟರ್ ಅಳತೆ, ಕೇಬಲ್ ಯಾವುದು, ನಡುವೆ ಅಡಾಪ್ಟರ್ ಇದೆಯಾ ಅಂತಾನೂ ಹೇಳಿ. ಕೂತು ಟಿಕ್ ಹಾಕೋಣ.

#ಕನ್ನಡ #ಬಿಕಾಂಡೈರಿ #ರಾಸ್ಬೆರಿಪೈ #ದಾವಣಗೆರೆ